ಮುನ್ನುಡಿ ಆಮೇಲೆ ಓದು, ಮಗು

ಪುಸ್ತಕ ಹಿಡಿದು ಕೂತ ಎಳೆಯರನ್ನು ಕಂಡರೆ ನನಗೆ ತುಂಬ ಪ್ರೀತಿ. ಹುಡುಗನೋ ಹುಡುಗಿಯೋ, ಯಾವ ಊರೋ, ಯಾವ ಪುಸ್ತಕವೋ, ಓದುವ ಮಕ್ಕಳೆಲ್ಲ ನನ್ನ ಮೊಮ್ಮಕ್ಕಳೇ. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಕೇಳಿಸಿಕೊ. ಒಪ್ಪದಿದ್ದರೆ ಆಮೇಲೆ ಜಗಳ ಆಡು, ನನಗೇನೂ ಬೇಜಾರಿಲ್ಲ.

ನಿನ್ನಲ್ಲಿ ಚುರುಕಿದೆ, ಹುರುಪಿದೆ, ಒಮ್ಮೆ ಕೇಳಿದ್ದನ್ನು ಮರೆಯದ ತಲೆಯೂ ಇದೆ. ಇಲ್ಲದ್ದು ತಾಳ್ಮೆ ಒಂದೇ. ಪುಸ್ತಕ ಬಿಚ್ಚುವ ಮೊದಲೇ ಅದರ ಬಗ್ಗೆ ನಿನ್ನ ಅಭಿಪ್ರಾಯ ಸಿದ್ಧವಾಗಿರುತ್ತದೆ. ಯಾರೋ ಎರಡು ನಿಮಿಷದ ವಿಡಿಯೋದಲ್ಲಿ ಹೇಳಿದ್ದು, ಮುನ್ನುಡಿಯಲ್ಲಿ ದೊಡ್ಡವರು ಬರೆದದ್ದು, ಹಿಂದಿನ ರಟ್ಟಿನ ಮೇಲಿನ ನಾಲ್ಕು ಸಾಲು, ಎಲ್ಲ ಕೂಡಿಸಿ ‘ಮೇರುಕೃತಿ’ ಅಂದುಬಿಡುತ್ತೀಯ. ಆ ಕತೆಯಲ್ಲಿ ಯಾರು ಅತ್ತರು, ನಿನಗೆ ಎಲ್ಲಿ ನಗು ಬಂತು, ಯಾರ ಮೇಲೆ ಸಿಟ್ಟು ಬಂತು ಅಂತ ಕೇಳಿದರೆ ಮಾತ್ರ ಕಣ್ಣುಕಣ್ಣು ಬಿಡುತ್ತೀಯ. ಇನ್ನೊಬ್ಬರ ಅಭಿಪ್ರಾಯ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಪಾಸಾಗಬಹುದು, ಪುಸ್ತಕ ಮಾತ್ರ ನಿನ್ನದಾಗುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಮೊದಲು ಓದು, ನಿನಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಇಟ್ಟುಕೊ, ದೊಡ್ಡವರು ಏನೆಂದರು ಅಂತ ಆಮೇಲೆ ನೋಡು.

ನಾನು ಬಹಳ ಕಾಲ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಮೇಜಿನ ಹಿಂದೆ ಕೂತವಳು. ವಾಪಸು ಬಂದ ಪುಸ್ತಕದ ಮೈ ನೋಡಿದರೆ ಓದಿದವರ ಗುಣ ಗೊತ್ತಾಗುತ್ತದೆ. ದಪ್ಪ ಕಾದಂಬರಿಯ ಮೊದಲ ಅರವತ್ತು ಎಪ್ಪತ್ತು ಪುಟಗಳ ಅಂಚು ಬೆರಳಿನ ಜಿಡ್ಡಿಗೆ ಕಂದಿರುತ್ತದೆ, ಮೂಲೆ ಮಡಿಚಿರುತ್ತದೆ, ಅಲ್ಲಲ್ಲಿ ಕಾಫಿ ಕಲೆ ಕೂಡ. ಅಲ್ಲಿಂದಾಚೆ ಹಾಳೆ ಬೆಳ್ಳಗೆ, ಗರಿಗರಿ. ಕಂದಿದ್ದು ನಿಂತು ಬಿಳಿ ಶುರುವಾಗುವ ಜಾಗದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿಕೊಂಡಿರುತ್ತದೆ. ಪಾಪ, ಓದುಗರು ಅಲ್ಲೇ ಇಳಿದುಬಿಟ್ಟಿದ್ದಾರೆ! ತ್ರಿವೇಣಿಯವರ ಕಾದಂಬರಿಗಳ ಕತೆಯೇ ಬೇರೆ. ಕೊನೇ ಪುಟದವರೆಗೆ ಒಂದೇ ಸಮ ಸವೆದು, ಬೈಂಡು ಸಡಿಲಾಗಿ, ಹೊಲಿಗೆ ಹಾಕಿಸುವ ಸ್ಥಿತಿಗೆ ಬಂದಿರುತ್ತಿದ್ದವು. ವಿಮರ್ಶಕರು ಯಾವುದಕ್ಕೆ ಎಷ್ಟು ಅಂಕ ಕೊಟ್ಟರು ಅನ್ನುವುದು ಬೇರೆ ವಿಷಯ. ಓದಿದವರ ಬೆರಳು ಸುಳ್ಳು ಹೇಳುವುದಿಲ್ಲ.

ಆ ಬಸ್ ಟಿಕೆಟ್ ಹೆಚ್ಚಾಗಿ ಸಿಗುತ್ತಿದ್ದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ. 1967ರಲ್ಲಿ ಬಂದ ಪುಸ್ತಕ, ಏಳುನೂರು ಪುಟ ದಾಟುತ್ತದೆ. ನೀನೂ ಅಲ್ಲೇ ಎಲ್ಲೋ ಕೈಬಿಟ್ಟವರ ಪೈಕಿ ಅಂತ ನನಗೆ ಗೊತ್ತು. ಯಾಕೆ ಬಿಟ್ಟೆ ಅಂತಲೂ ಗೊತ್ತು. ಹೆಸರುಗಳು. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ, ಭರಮೈ ಹೆಗ್ಗಡೆ, ದೇವಯ್ಯ... ಒಂದು ಮನೆಯ ಜಗಲಿ ಹತ್ತುವಷ್ಟರಲ್ಲಿ ಇನ್ನೊಂದು ಮನೆಯ ಅಂಗಳಕ್ಕೆ ಕರೆದೊಯ್ಯುತ್ತಾರೆ. ನಾಯಕ ಯಾರು ಅಂತ ನೀನು ಹುಡುಕುತ್ತಲೇ ಇರುತ್ತೀಯ, ಸಿಗುವುದಿಲ್ಲ.

ಇದಕ್ಕೊಂದು ಸುಲಭದ ಉಪಾಯವಿದೆ. ಹಾಳೆಯ ಒಂದು ತುಂಡು ತೆಗೆದುಕೊ. ಎಡಗಡೆ ಊರು ಬರೆ: ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಹಳೆಮನೆ. ಬಲಗಡೆ ಆ ಊರಿನ ಜನ. ಸಿಂಬಾವಿಗೆ ಗುತ್ತಿ, ಕೋಣೂರಿಗೆ ಮುಕುಂದಯ್ಯ, ಹೂವಳ್ಳಿಗೆ ಚಿನ್ನಮ್ಮ. ಓದುತ್ತಾ ಒಂದೊಂದೇ ಸೇರಿಸುತ್ತಾ ಹೋಗು. ನೂರು ಪುಟ ದಾಟುವಷ್ಟರಲ್ಲಿ ಚೀಟಿ ಬೇಕಾಗುವುದೇ ಇಲ್ಲ. ಮಳೆ ಹಿಡಿದ ಕಾಡಿನಲ್ಲಿ ನಿನಗೇ ದಾರಿ ಗೊತ್ತಾಗುತ್ತದೆ. ಆಗ ನಾಯಕನನ್ನು ಹುಡುಕುವ ಚಾಳಿಯೂ ತಾನಾಗಿ ಬಿಟ್ಟುಹೋಗುತ್ತದೆ. ಹೆಗ್ಗಡೆಯ ಮನೆಯಲ್ಲಿ ಏನು ನಡೆಯುತ್ತದೋ ಅಷ್ಟೇ ಮುಖ್ಯ ಜೀತದಾಳಿನ ಬಿಡಾರದಲ್ಲಿ ನಡೆಯುವುದು ಅಂತ ಯಾರೂ ಹೇಳದೆಯೇ ನಿನಗೆ ತಿಳಿಯುತ್ತದೆ. ಗುತ್ತಿಯ ಹಿಂದೆ ಒಂದು ನಾಯಿ ಬರುತ್ತದೆ, ಹುಲಿಯ ಅಂತ ಅದರ ಹೆಸರು. ಮೊದಲ ಅಧ್ಯಾಯದಿಂದ ಅದರ ಮೇಲೆ ಒಂದು ಕಣ್ಣಿಟ್ಟಿರು. ತುಂಗೆ ನೆರೆ ಬಂದಾಗ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಸಾರಾಂಶ ಬರೆಯುವವರು ಅದನ್ನು ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ಏಳುನೂರು ಪುಟ ಅದರ ಜೊತೆ ನಡೆದು ಬಂದವರಿಗೆ ಮಾತ್ರ ಅಲ್ಲಿ ಗಂಟಲು ಕಟ್ಟುತ್ತದೆ.

ಸಾರಾಂಶ ಅಂದೆ ನೋಡು, ಸಾರಾಂಶವೇ ಕೆಟ್ಟದ್ದು ಅಂತ ತಿಳಿಯಬೇಡ. ನಮ್ಮ ಕಾಲದಲ್ಲೂ ಇತ್ತು. 1956ರಲ್ಲಿ ಶುರುವಾದ ‘ಕಸ್ತೂರಿ’ ತಿಂಗಳಪತ್ರಿಕೆಯಲ್ಲಿ ಪುಸ್ತಕ ವಿಭಾಗ ಅಂತ ಇರುತ್ತಿತ್ತು, ಇಡೀ ಪುಸ್ತಕವನ್ನು ಇಳಿಸಿ ಕೊಡುತ್ತಿದ್ದರು. ಊರಿನ ಎಷ್ಟೋ ಜನ ಹೊರಗಿನ ಪ್ರಪಂಚದ ಹೆಸರು ಕೇಳಿದ್ದೇ ಅಲ್ಲಿ. ಆದರೆ ಅದನ್ನು ಓದಿದವರು ಗ್ರಂಥಾಲಯಕ್ಕೆ ಬಂದು ‘ಮೂಲ ಪುಸ್ತಕ ಇದೆಯಾ ಮೇಡಂ’ ಅಂತ ಕೇಳುತ್ತಿದ್ದರು. ನೀನು ಸಾರಾಂಶ ನೋಡಿ ಮುಂದಿನ ಸಾರಾಂಶಕ್ಕೆ ಹೋಗುತ್ತೀಯ. ವ್ಯತ್ಯಾಸ ಇಷ್ಟೇ.

ಸರಿ, ಓದುವವರು ಹೇಗಿರಬೇಕು ಅಂತ ನೀನು ಕೇಳಿದರೆ ನಾನು ಒಬ್ಬಳ ಹೆಸರು ಹೇಳುತ್ತೇನೆ. ಮನೋರಮೆ. ಮುದ್ದಣನ ‘ಶ್ರೀರಾಮಾಶ್ವಮೇಧ’ದಲ್ಲಿ ಬರುವವಳು. ಪಠ್ಯಪುಸ್ತಕದಲ್ಲಿ ಒಂದು ತುಣುಕು ಓದಿರುತ್ತೀಯ, ಪ್ರಶ್ನೋತ್ತರ ಬರೆದು ಮರೆತಿರುತ್ತೀಯ. ಮತ್ತೆ ತೆಗೆ. ಮಳೆಗಾಲ. ಗಂಡ ದಣಿದು ಮನೆಗೆ ಬಂದಿದ್ದಾನೆ. ಹೊತ್ತು ಹೋಗಬೇಕು, ಒಂದು ಕತೆ ಹೇಳು ಅನ್ನುತ್ತಾಳೆ ಹೆಂಡತಿ. ಅವನು ಕವಿ, ಹೇಳುವುದಕ್ಕೆ ಸಿದ್ಧ. ಆದರೆ ಅವಳು ಸುಮ್ಮನೆ ತಲೆಯಾಡಿಸುವವಳಲ್ಲ. ಈ ಕತೆ ಬೇಡ, ಆ ಕತೆ ಬೇಡ ಅನ್ನುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ. ಅವನು ಸಂಸ್ಕೃತದ ಬಿಗಿ ಶಬ್ದ ಹಾಕಿ ಆರಂಭಿಸಿದರೆ ಅಲ್ಲೇ ತಡೆದು, ಇದು ಗಂಟಲಲ್ಲಿ ಇಳಿಯುವುದಿಲ್ಲ, ತಿಳಿಗನ್ನಡದಲ್ಲಿ ಹೇಳು ಅನ್ನುತ್ತಾಳೆ. ಕವಿ ದೊಡ್ಡವನು ಅಂತ ಹೆದರುವುದಿಲ್ಲ, ತನಗೆ ತಿಳಿಯಲಿಲ್ಲ ಅಂತ ನಾಚುವುದೂ ಇಲ್ಲ. ಅಷ್ಟೆಲ್ಲ ತಕರಾರು ಮಾಡಿದವಳು ಕೊನೆಯವರೆಗೂ ಕೇಳುತ್ತಾಳೆ, ಅದು ಮುಖ್ಯ. ಕನ್ನಡದಲ್ಲಿ ಅವಳಿಗಿಂತ ಒಳ್ಳೆಯ ಓದುಗರನ್ನು ನಾನು ಕಂಡಿಲ್ಲ. ನಿನಗೆ ಪಂಪನ ಒಂದು ಪದ್ಯ ಅರ್ಥವಾಗದಿದ್ದರೆ ‘ಆಹಾ’ ಅನ್ನಬೇಡ. ಅರ್ಥವಾಗಲಿಲ್ಲ ಅನ್ನು. ಬಲ್ಲವರನ್ನು ಕೇಳು. ಕೇಳಿದ ಮೇಲೆ ಎದ್ದು ಹೋಗಬೇಡ, ಕೂತಿರು.

‘ಶ್ರೀರಾಮಾಶ್ವಮೇಧ’ ಬರೆದ ಮುದ್ದಣನ ಕತೆಯೂ ನೀನು ತಿಳಿಯಬೇಕಾದದ್ದು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಬರೆದು, ಹಳೆಯ ಕಾವ್ಯವೊಂದು ಸಿಕ್ಕಿತು ಅನ್ನುವಂತೆ ಮೈಸೂರಿಗೆ ಕಳಿಸಿದ. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ಕ್ಷಯರೋಗದಿಂದ ತೀರಿಕೊಂಡ. ಬರೆದದ್ದು ಇವನೇ ಅಂತ ಜನಕ್ಕೆ ಖಚಿತವಾಗಿ ಗೊತ್ತಾಗಿದ್ದು ಆಮೇಲೆ. ನೀನು ಎರಡು ಸಾಲು ಬರೆದು ಕೆಳಗೆ ಹೆಸರು, ಫೋಟೋ, ಊರು ಎಲ್ಲ ಹಾಕುತ್ತೀಯಲ್ಲ, ಆಗೊಮ್ಮೆ ಮುದ್ದಣನನ್ನು ನೆನೆ.

ಹಳಗನ್ನಡ, ನಡುಗನ್ನಡ ಅಂದರೆ ನಿನಗೆ ಜ್ವರ ಬರುತ್ತದೆ. ಅದಕ್ಕೆ ಕಾರಣ ನೀನು ಕಣ್ಣಿನಲ್ಲಿ ಓದುವುದು. ಕುಮಾರವ್ಯಾಸನನ್ನು ಕಣ್ಣಿನಲ್ಲಿ ಓದಿದವರು ಸುಸ್ತಾಗುತ್ತಾರೆ, ಬಾಯಲ್ಲಿ ಓದಿದವರು ಕುಣಿಯುತ್ತಾರೆ. ಅವನದು ಭಾಮಿನಿ ಷಟ್ಪದಿ, ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು 3-4-3-4ರ ನಡಿಗೆ, ಸಾಲಿಗೆ 14 ಮಾತ್ರೆ. ಮೂರನೆಯದೂ ಆರನೆಯದೂ ಉದ್ದ. ಅದೇ 3-4 ಮೂರು ಸಲ ಬಂದು, ಕೊನೆಗೊಂದು ಗುರು ಕೂತು 23 ಆಗುತ್ತದೆ. ಈ ಲೆಕ್ಕವನ್ನು ನೀನು ಶಾಲೆಯಲ್ಲಿ ಪ್ರಸ್ತಾರ ಹಾಕಿ ಬೈದುಕೊಂಡಿದ್ದೀಯ. ಈಗ ಪೆನ್ಸಿಲ್ ಬಿಟ್ಟು ತೊಡೆಯ ಮೇಲೆ ಕೈ ತಟ್ಟು. ಮೂರಕ್ಕೊಂದು, ನಾಲ್ಕಕ್ಕೊಂದು. ಜೋರಾಗಿ ಓದು. ಉದ್ದ ಸಾಲಿನ ಕೊನೆಯ ಗುರುವಿನಲ್ಲಿ ಉಸಿರು ನಿಲ್ಲುವುದಕ್ಕೆ ಜಾಗ ಸಿಗುತ್ತದೆ. ಅರ್ಥ ಆಮೇಲೆ ಬರುತ್ತದೆ, ಅರ್ಧ ಪಾಲು ಲಯವೇ ತಂದುಕೊಡುತ್ತದೆ.

ಊರೂರಲ್ಲಿ ಅಕ್ಷರ ಬಾರದ ಅಜ್ಜಿಯರು ಕರ್ಣಪರ್ವ ಕೇಳಿ ಕಣ್ಣೊರೆಸಿಕೊಂಡದ್ದು ಹೀಗೇ. ಗಮಕಿ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಹತ್ತಿರ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಈ ವಿದ್ಯೆ ಇವತ್ತಿಗೂ ಇದೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಿವಿಗೆ ಸಿಕ್ಕಿಸಿಕೊಂಡು ದಿನವಿಡೀ ಏನೇನೋ ಕೇಳುತ್ತೀಯಲ್ಲ, ಒಂದು ಸಂಜೆ ಗಮಕ ಹಾಕಿಕೊ. ಆಮೇಲೆ ಪುಸ್ತಕ ತೆರೆದು ನೋಡು, ಜ್ವರ ಬರುತ್ತದಾ ಅಂತ.

ಇನ್ನೊಂದು ಮಾತು. ಒಂದು ಸಲ ಓದಿದ್ದನ್ನು ‘ಆಯ್ತು, ಮುಗೀತು’ ಅಂತ ಪಟ್ಟಿಯಿಂದ ಹೊಡೆದುಹಾಕುತ್ತೀಯ. ಈ ವರ್ಷ ಇಷ್ಟು ಪುಸ್ತಕ ಅಂತ ಲೆಕ್ಕ ಬೇರೆ. ಒಳ್ಳೆಯ ಪುಸ್ತಕ ಒಮ್ಮೆಗೇ ಮುಗಿಯುವಂಥದ್ದಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ತೆಗೆದುಕೊ. ಕೋಟದ ಕಡೆಯ ಕಡಲತೀರ, ಒಂದು ಮನೆತನದ ಮೂರು ತಲೆಮಾರು. ಇಪ್ಪತ್ತರ ಹರೆಯದಲ್ಲಿ ಓದಿದಾಗ ನನಗೆ ಕಂಡದ್ದು ಮೊಮ್ಮಗ ರಾಮ. ಓದಿದ, ಅಲೆದ, ಕೊನೆಗೆ ಊರಿನ ಮಣ್ಣಿಗೆ ಮರಳಿದ. ಆ ವಯಸ್ಸಿಗೆ ಅವನೇ ಕಾಣಬೇಕು, ಅದೇ ಸರಿ. ಮದುವೆಯಾಗಿ, ಮಕ್ಕಳಾಗಿ, ಮನೆಯ ಭಾರ ಹೊತ್ತು ಮತ್ತೆ ಓದಿದಾಗ ಕಂಡವಳು ನಾಗವೇಣಿ. ಕೆಟ್ಟ ದಾರಿ ಹಿಡಿದ ಲಚ್ಚನನ್ನು ಕಟ್ಟಿಕೊಂಡು ಅವಳು ಪಟ್ಟದ್ದು. ಈಗ, ಈ ವಯಸ್ಸಿನಲ್ಲಿ, ಪುಸ್ತಕ ತೆರೆದರೆ ಸರಸೋತಿಯೇ ಕಣ್ಣಿಗೆ ಬೀಳುತ್ತಾಳೆ. ಮನೆಯ ಯಜಮಾನ ಐತಾಳರ ವಿಧವೆ ತಂಗಿ. ಗದ್ದೆ, ಕೊಟ್ಟಿಗೆ, ಅಡಿಗೆ, ಕಡಲದಂಡೆ ಅಂತ ಬೆನ್ನು ಮುರಿಯುವಷ್ಟು ದುಡಿದು, ತನ್ನದು ಅಂತ ಏನೂ ಇಲ್ಲದೆ, ಆ ಮನೆಯನ್ನು ನಿಲ್ಲಿಸಿದವಳು. ಅತ್ತಿಗೆ ಪಾರೋತಿಗೆ ಮಕ್ಕಳಾಗಲಿಲ್ಲ ಅಂತ ಅಣ್ಣ ಇನ್ನೊಂದು ಮದುವೆಯಾದಾಗ ಆ ಅತ್ತಿಗೆ ನಾದಿನಿಯರ ನಡುವೆ ಇರುವ ಒಳ್ಳೆಯತನ ನೋಡು. ಕಾರಂತರು ಅದನ್ನು ಎಲ್ಲೂ ಹೊಗಳಿ ಬರೆಯುವುದಿಲ್ಲ. ಆ ಹೆಂಗಸರು ಮಾಡುವ ಕೆಲಸ ತೋರಿಸುತ್ತಾರೆ, ಅಷ್ಟೇ. ಪುಸ್ತಕ ಅದೇ. ಕಣ್ಣು ಬದಲಾಗುತ್ತಾ ಬಂತು.

ಆದ್ದರಿಂದ ಇವತ್ತು ನಿನಗೆ ‘ಬೋರು’ ಅನ್ನಿಸಿದ ಪುಸ್ತಕಕ್ಕೆ ಬೋರು ಅಂತಲೇ ಹೇಳು, ಆದರೆ ತೀರ್ಪು ಕೊಟ್ಟು ಬಾಗಿಲು ಹಾಕಬೇಡ. ಕಪಾಟಿನಲ್ಲಿ ಇಡು. ಮಾವಿನಕಾಯಿಯನ್ನು ದಿನಕ್ಕೆ ನಾಲ್ಕು ಸಲ ಒತ್ತಿ ನೋಡಿದರೆ ಹಣ್ಣಾಗುವುದಿಲ್ಲ, ಹಿಸುಕಿ ಹಾಳಾಗುತ್ತದೆ. ನಾಲ್ಕು ವರ್ಷ ಬಿಟ್ಟು ತೆಗೆದರೆ ಅದೇ ಪುಸ್ತಕ ನಿನ್ನನ್ನು ರಾತ್ರಿ ಎರಡು ಗಂಟೆಯವರೆಗೆ ಎಚ್ಚರ ಇಡಬಹುದು. ಇಡದೆಯೂ ಇರಬಹುದು. ಎಲ್ಲ ಒಳ್ಳೆಯ ಪುಸ್ತಕವೂ ಎಲ್ಲರಿಗೂ ಒಗ್ಗಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

ಹೊರದೇಶದ ದೊಡ್ಡ ಪುಸ್ತಕಗಳ ವಿಷಯ ಬಂದಾಗ ನೀನು ಇನ್ನೊಂದು ಹಟ ಹಿಡಿಯುತ್ತೀಯ. ಇಂಗ್ಲಿಷಿನಲ್ಲೇ ಓದಬೇಕು, ಕನ್ನಡದಲ್ಲಿ ಓದಿದರೆ ಗೌರವ ಕಡಿಮೆ ಅಂತ. ಟಾಲ್‌ಸ್ಟಾಯ್ ಇಂಗ್ಲಿಷಿನಲ್ಲಿ ಬರೆದನಾ? ಅವನು ಬರೆದದ್ದು ರಷ್ಯನ್‌ನಲ್ಲಿ. ಎರಡೂ ಅನುವಾದವೇ ಅಂದಮೇಲೆ ನಿನಗೆ ಹತ್ತಿರದ ಭಾಷೆ ಯಾವುದೋ ಅದರಲ್ಲಿ ಓದು. ‘ಯುದ್ಧ ಮತ್ತು ಶಾಂತಿ’ಯನ್ನು ಓ.ಎಲ್. ನಾಗಭೂಷಣಸ್ವಾಮಿಯವರು ಕನ್ನಡಕ್ಕೆ ತಂದಿದ್ದಾರೆ. ಗಾತ್ರ ನೋಡಿ ಹಿಂಜರಿಯಬೇಡ, ಇಲ್ಲೂ ಚೀಟಿಯ ಉಪಾಯವೇ. ರಷ್ಯದವರಿಗೆ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಇದರ ಮೇಲೆ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ಒಬ್ಬರೇ ನಾಲ್ಕು ಜನರ ಹಾಗೆ ಕಾಣುತ್ತಾರೆ. ಬರೆದಿಟ್ಟುಕೊಂಡರೆ ಸರಿಹೋಗುತ್ತದೆ.

ಆ ಪುಸ್ತಕದಲ್ಲಿ ಒಂದು ಓಕ್ ಮರ ಬರುತ್ತದೆ. ಹೆಂಡತಿ ತೀರಿಕೊಂಡು, ಯುದ್ಧದಲ್ಲಿ ಗಾಯಗೊಂಡು ಬಂದ ಆಂದ್ರೇ ಎಂಬ ರಾಜಕುಮಾರ ವಸಂತಕಾಲದಲ್ಲಿ ಗಾಡಿಯಲ್ಲಿ ಹೋಗುತ್ತಿರುತ್ತಾನೆ. ಸುತ್ತ ಎಲ್ಲ ಮರ ಚಿಗುರಿವೆ, ಅದೊಂದು ಮುದಿ ಓಕ್ ಮಾತ್ರ ಬೋಳು, ತೊಗಟೆಯೆಲ್ಲ ಗಾಯ. ಇದೇ ಸರಿ, ನನ್ನ ಬದುಕೂ ಇಷ್ಟೇ ಅಂದುಕೊಳ್ಳುತ್ತಾನೆ. ಹೋದ ಮನೆಯಲ್ಲಿ ರಾತ್ರಿ ಕಿಟಕಿಯಲ್ಲಿ ಕೂತ ನತಾಷಾ ಎಂಬ ಹುಡುಗಿ ಬೆಳದಿಂಗಳು ಕಂಡು ಸಂಭ್ರಮ ಪಡುವುದು ಅವನ ಕಿವಿಗೆ ಬೀಳುತ್ತದೆ. ವಾಪಸು ಬರುವಾಗ ಅದೇ ಮರ ಹುಡುಕುತ್ತಾನೆ, ಗುರುತೇ ಸಿಗುವುದಿಲ್ಲ. ಮೈತುಂಬ ಎಲೆ. ಮೂವತ್ತೊಂದಕ್ಕೆ ಬದುಕು ಮುಗಿಯುವುದಿಲ್ಲ ಅಂತ ಆಗ ಅವನಿಗೆ ಅನ್ನಿಸುತ್ತದೆ. ಇಷ್ಟೇ ಘಟನೆ. ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ, ಮರ ಚಿಗುರುತ್ತದೆ ಅಷ್ಟೇ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಕೆಲಸ ಸಿಗಲಿಲ್ಲ, ಪ್ರೀತಿಸಿದವರು ಬಿಟ್ಟುಹೋದರು ಅಂತ ಇಪ್ಪತ್ತೆರಡಕ್ಕೇ ಮುಸುಕು ಹಾಕಿ ಮಲಗುತ್ತೀಯಲ್ಲ, ಆ ದಿನ ಈ ಅಧ್ಯಾಯಗಳನ್ನು ಓದು. ನಾನು ಬಂದು ತಲೆ ಸವರಿ ಹೇಳುವುದಕ್ಕಿಂತ ಅವು ಚೆನ್ನಾಗಿ ಹೇಳುತ್ತವೆ.

ಅಷ್ಟು ದಪ್ಪದ್ದು ಈಗಲೇ ಬೇಡ ಅನ್ನಿಸಿದರೆ ‘ವಿಶ್ವಕಥಾಕೋಶ’ ಇದೆ. 25 ಸಂಪುಟ, ಬೇರೆ ಬೇರೆ ದೇಶಗಳ ಸಣ್ಣ ಕತೆಗಳು. ಪಾರ್ಶ್ವವಾಯು ಬಡಿದು ದೇಹ ಸೋತ ಮೇಲೂ ನಿರಂಜನರು ಸಂಪಾದಿಸಿ ಕೊಟ್ಟದ್ದು. ಯಾವ ಸಂಪುಟವಾದರೂ ಸರಿ, ಮಲಗುವ ಮೊದಲು ಒಂದು ಕತೆ.

ಹಳೆಯ ಪುಸ್ತಕ ಓದುವಾಗ ನಿನಗೆ ಚುಚ್ಚುವ ಮಾತುಗಳು ಸಿಗುತ್ತವೆ. ಜಾತಿ ಹಿಡಿದು ಕರೆಯುವುದು, ಹೆಂಗಸರನ್ನು ಹೀಗಳೆಯುವುದು, ಜೀತವನ್ನು ಸಹಜ ಅನ್ನುವ ಹಾಗೆ ಹೇಳುವುದು. ಆಗ ಪುಸ್ತಕ ಎತ್ತಿ ಎಸೆಯಬೇಡ. ‘ಆ ಕಾಲ ಹಾಗಿತ್ತು’ ಅಂತ ಸವರಿ ಮುಂದೆ ಹೋಗಲೂ ಬೇಡ. ಚುಚ್ಚಿದ್ದು ಎಲ್ಲಿ ಅಂತ ಪೆನ್ಸಿಲ್ಲಿನಲ್ಲಿ ಗೆರೆ ಹಾಕು. ಗ್ರಂಥಾಲಯದ ಪುಸ್ತಕಕ್ಕೆ ಮಾತ್ರ ಹಾಕಿದರೆ ಕಿವಿ ಹಿಂಡುತ್ತೇನೆ! ಆಮೇಲೆ ಅದೇ ಬದುಕನ್ನು ಇನ್ನೊಂದು ಕಡೆಯಿಂದ ಕಂಡವರನ್ನು ಓದು. 1933ರಲ್ಲಿ ಬಂದ ‘ಚೋಮನ ದುಡಿ’ಯಲ್ಲಿ ಚೋಮನಿಗೆ ಒಂದೇ ಆಸೆ, ತುಂಡು ಭೂಮಿ ಹಿಡಿದು ಬೇಸಾಯ ಮಾಡಬೇಕು. ಎತ್ತು ಸಾಕಿಕೊಂಡಿದ್ದಾನೆ, ಉಳುವ ಹಕ್ಕಿಲ್ಲ. ಕಾರಂತರು ಹೊರಗೆ ನಿಂತು, ಕರುಳು ಹಿಂಡಿಕೊಂಡು ಬರೆದರು. ದೇವನೂರ ಮಹಾದೇವರ ‘ಕುಸುಮಬಾಲೆ’ ಒಳಗಿನಿಂದ ಬಂದದ್ದು. ಅಲ್ಲಿ ರಾತ್ರಿ ಹೊತ್ತು ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ಊರಿನ ಸುಖದುಃಖ ಮಾತಾಡಿಕೊಳ್ಳುತ್ತವೆ, ಮಂಚಕ್ಕೂ ಬಾಯಿ ಬರುತ್ತದೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಂಜನಗೂಡಿನ ಕಡೆಯ ಆಡುಮಾತು, ಕಷ್ಟ ಅಂತ ದೂರುತ್ತಾರೆ. ಆ ಕಡೆಯ ಗೆಳೆಯರೊಬ್ಬರ ಪಕ್ಕ ಕೂತು ಜೋರಾಗಿ ಓದಿಸಿಕೊ, ಕಷ್ಟ ಎಲ್ಲಿ ಹೋಯಿತು ಅಂತ ನೀನೇ ಕೇಳುತ್ತೀಯ. ಚಿಕ್ಕ ಪುಸ್ತಕಗಳು ಎರಡೂ. ಒಂದರ ಹಿಂದೆ ಒಂದು ಓದಿದವರು ಹಳ್ಳಿಯ ಬಗ್ಗೆ ಸುಮ್ಮಸುಮ್ಮನೆ ನಿಟ್ಟುಸಿರು ಬಿಡುವುದಿಲ್ಲ.

ಕತೆ ಕಾದಂಬರಿ ಮಾತ್ರ ಸಾಹಿತ್ಯ ಅಂತಲೂ ತಿಳಿಯಬೇಡ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕತೆ, ಗಿಡದ ಚಿತ್ರಗಳೂ ಅವರದೇ. ಓದುತ್ತಾ ನಗುತ್ತೀಯ, ನಗುತ್ತಾ ಗಿಡ ಗುರುತಿಸುವುದು ಕಲಿಯುತ್ತೀಯ. ಇವರ ತಂದೆ ಡಿ.ವಿ.ಜಿ. ಕಗ್ಗದ ಎರಡು ಸಾಲು ಮದುವೆ ಪತ್ರಿಕೆಯಲ್ಲಿ ನೋಡಿರುತ್ತೀಯ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟ ಅದಕ್ಕಿಂತ ನನಗೆ ಹೆಚ್ಚು ಇಷ್ಟ. ದಿವಾನರು, ಸಂಗೀತಗಾರರು, ಊರಿನ ಬಡ ವೈದಿಕರು, ಎಲ್ಲರಿಗೂ ಅಲ್ಲಿ ಒಂದೇ ಮರ್ಯಾದೆ. ಮನುಷ್ಯರನ್ನು ನೋಡುವುದು ಹೇಗೆ ಅಂತ ಕಲಿಯಬೇಕಾದರೆ ಅದನ್ನು ಓದು. ತೇಜಸ್ವಿಯವರ ‘ಕರ್ವಾಲೊ’ ನಿನಗೆ ಆಗಲೇ ಇಷ್ಟ, ಗೊತ್ತು. ಹಾರುವ ಓತಿಯ ಹಿಂದೆ ಒಬ್ಬ ವಿಜ್ಞಾನಿ, ಒಬ್ಬ ಹಳ್ಳಿಯ ಮಂದಣ್ಣ, ಒಬ್ಬ ಬಿರಿಯಾನಿ ಕರಿಯಪ್ಪ ಸಮಾನವಾಗಿ ನಡೆಯುತ್ತಾರೆ. ಅದನ್ನು ಓದಿ ಕಾಡಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬರಬೇಡ. ಮಂದಣ್ಣನ ಹಾಗೆ ಒಂದು ಗಂಟೆ ಸುಮ್ಮನೆ ಕೂತು ನೋಡು.

ಪುಸ್ತಕ ಕೊಳ್ಳುವ ವಿಷಯ ಒಂದೆರಡು ಮಾತು. ಸಂಬಳದಲ್ಲಿ ತಿಂಗಳಿಗೆ ಒಂದು ಪುಸ್ತಕಕ್ಕೆ ದುಡ್ಡು ತೆಗೆದಿಡು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ನಡೆದು ಮಾರಿದವರು. ಅಂಥವರು ಕಟ್ಟಿಕೊಟ್ಟ ಓದುಗರ ಸಂತತಿ ನೀನು. ದುಡ್ಡಿಲ್ಲವೇ, ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕು, ಯಾವ ಊರಿನಲ್ಲಿದ್ದರೂ ಗ್ರಂಥಾಲಯದ ಸದಸ್ಯತ್ವ ಮಾಡಿಸು. ಫೋನಿನಲ್ಲಿ ಓದುತ್ತೇನೆ ಅಂದರೆ ಅದಕ್ಕೂ ನನ್ನ ಅಡ್ಡಿಯಿಲ್ಲ, ಓದುವಾಗ ಬೇರೆ ಗಂಟೆಗಳನ್ನೆಲ್ಲ ಬಾಯಿ ಮುಚ್ಚಿಸಿಡು. ಒಯ್ದ ಪುಸ್ತಕವನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸು, ನಿನ್ನ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಓದಿದ್ದರ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಐದಾರು ಸಾಲು ಬರೆ. ‘ಅದ್ಭುತ’, ‘ಮನಮುಟ್ಟುವ’ ಅನ್ನುವ ಮಾತು ಅದರಲ್ಲಿ ಬರಬಾರದು. ಯಾವ ಪುಟ, ಯಾರು ಏನು ಮಾಡಿದರು, ನಿನಗೆ ಏನನ್ನಿಸಿತು, ಅಷ್ಟೇ ಸಾಕು. ತಾರೀಕು ಹಾಕು. ಮುಂದೆ ಮತ್ತೆ ಓದುವಾಗ ನಿನ್ನ ಜೊತೆ ನೀನೇ ಜಗಳ ಆಡಬಹುದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಬೇಡ, ಹೇಳಿಯೇ ಬಿಡುತ್ತೇನೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಲೆಕ್ಕ ಹಾಕು, ಇಪ್ಪತ್ತೈದಕ್ಕೆ ಏನೂ ಸಾಧಿಸಲಿಲ್ಲ ಅಂತ ಗೊಣಗುವವರಿಗೆ ಉತ್ತರ ಅದರಲ್ಲೇ ಇದೆ. 1976ರ ‘ಫಣಿಯಮ್ಮ’ ಅವರ ಮನೆತನದ ಹಿರಿಯಳೊಬ್ಬಳ ಬದುಕು, ತಾಯಿಯ ಬಾಯಿಂದ ಕೇಳಿದ್ದು. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ವಿಧವೆಯಾದ ಹುಡುಗಿ, ತಲೆ ಬೋಳಿಸಿಕೊಂಡು ಮಡಿಯಲ್ಲಿ ಬದುಕು ಕಳೆಯುತ್ತಾಳೆ. ಮುದುಕಿಯಾದಾಗ ಅದೇ ಮನೆಯಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ಕೂದಲು ತೆಗೆಸುವುದಿಲ್ಲ ಅಂತ ಹಟ ಹಿಡಿಯುತ್ತಾಳೆ. ಆಗ ಫಣಿಯಮ್ಮ ಯಾರ ಪರ ನಿಲ್ಲುತ್ತಾಳೆ, ಹೇಗೆ ನಿಲ್ಲುತ್ತಾಳೆ ಅಂತ ನೋಡು. ಚಿಕ್ಕ ಪುಸ್ತಕ, ಭಾನುವಾರ ಊಟ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಮುಗಿಸಿದ ಮೇಲೆ ನಿನ್ನ ಮನೆಯಲ್ಲಿ ಅಜ್ಜಿ ಇದ್ದರೆ ಅವರ ಹತ್ತಿರ ಹೋಗಿ, ನಿಮ್ಮ ಅಮ್ಮನ ಕಾಲದಲ್ಲಿ ಹೇಗಿತ್ತು ಅಂತ ಕೇಳು. ಅವರು ಹೇಳುತ್ತಾರೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ.